ಒಣಗಿರುವುದು ಬೇರೆ, ಬೆಚ್ಚಗಿರುವುದು ಬೇರೆ: ಡ್ರೈಸೂಟ್ ಕೊಳ್ಳುವ ಮುನ್ನ ಒಂದಿಷ್ಟು ಕಿವಿಮಾತು

ಮಗಳೇ,

ನೇತ್ರಾಣಿ ದ್ವೀಪದಲ್ಲಿ ಕಲಿತ ಡೈವಿಂಗ್ ಇಂಗ್ಲೆಂಡಿನಲ್ಲಿ ಸುಳ್ಳಾಗುವುದಿಲ್ಲ. ಉಸಿರಾಟ, ಕೈಸನ್ನೆ, ನಿಧಾನವಾಗಿ ಮೇಲೇರುವ ಶಿಸ್ತು ಎಲ್ಲವೂ ಅದೇ. ಬದಲಾಗುವುದು ನೀರಿನ ಬಿಸಿ. ಮುರುಡೇಶ್ವರದಿಂದ ದೋಣಿ ಹತ್ತಿ ಹೋಗಿ ನೀನು ಇಳಿದದ್ದು 28 ಡಿಗ್ರಿ ಆಸುಪಾಸಿನ ನೀರಿಗೆ. ಈಗ ನಿನ್ನ ಮನೆಗೆ ಹತ್ತಿರವಿರುವ ಸ್ಟೋನಿ ಕೋವ್ ಲೆಸ್ಟರ್‌ಶೈರಿನ ಹಳೆಯ ಕಲ್ಲುಗಣಿ. ನೀರು ತುಂಬಿ ಕೊಳವಾಗಿದೆ, ಚಳಿಗಾಲದಲ್ಲಿ ಐದಾರು ಡಿಗ್ರಿಗೆ ಇಳಿಯುತ್ತದೆ. ನೀರು ಮೈಯ ಬಿಸಿಯನ್ನು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಕಸಿಯುತ್ತದೆ. ಅಂಥ ನೀರಲ್ಲಿ ಮೊದಲು ಕೈಕೊಡುವುದು ಬೆರಳು. ಬಕಲ್ ಬಿಚ್ಚಲಾಗದು, ವಾಲ್ವ್ ತಿರುಗಿಸಲಾಗದು, ಆಮೇಲೆ ಯೋಚನೆಯೂ ಮಂದವಾಗುತ್ತದೆ.

‘ಯಾವ ಡ್ರೈಸೂಟ್ ಒಳ್ಳೆಯದು ಅತ್ತೆ?’ ಎಂದು ಕೇಳಿದ್ದೀಯ. ಒಂದು ಕಂಪನಿಯ ಹೆಸರು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಪೋಲೆಂಡಿನ ಸಾಂಟಿ, ಫಿನ್‌ಲ್ಯಾಂಡಿನ ಅರ್ಸೂಟ್, ಸ್ವೀಡನ್ನಿನ ವಾಟರ್‌ಪ್ರೂಫ್, ಇಲ್ಲಿನವೇ ಆದ ಓ’ತ್ರೀ, ಆಟರ್ ಎಲ್ಲರೂ ಒಳ್ಳೆಯ ಸೂಟನ್ನೇ ಹೊಲಿಯುತ್ತಾರೆ. ಅವುಗಳಲ್ಲಿ ನಿನ್ನ ಮೈಗೆ, ನೀನು ಇಳಿಯುವ ನೀರಿಗೆ ಯಾವುದು ಹೊಂದುತ್ತದೆ ಎನ್ನುವುದೇ ಪ್ರಶ್ನೆ. ಅದನ್ನು ನೀನೇ ಕಂಡುಕೊಳ್ಳಲೆಂದು ಇದನ್ನು ಬರೆದಿದ್ದೇನೆ.

ಅಂಗಡಿಗೆ ಹೋಗುವ ಮೊದಲು

• ಮೊದಲು ನೀರು ಯಾವುದೆಂದು ಗೊತ್ತುಮಾಡಿಕೋ. ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಆಳಕ್ಕೆ ಇಳಿಯುತ್ತೀಯ ಎಂದು ಒಂದು ಹಾಳೆಯಲ್ಲಿ ಬರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಮುದ್ರ ಆಗಸ್ಟ್ ಕೊನೆಗೆ 16–17 ಡಿಗ್ರಿ ಮುಟ್ಟುತ್ತದೆ. ಅತಿ ತಣ್ಣಗಿರುವುದು ಡಿಸೆಂಬರಿನಲ್ಲಲ್ಲ, ಫೆಬ್ರವರಿ–ಮಾರ್ಚಿನಲ್ಲಿ. ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋಗೆ ಹೋಗುವ ಆಸೆ ನಿನಗಿದೆ. 1919ರ ಜೂನ್ 21ರಂದು ಜರ್ಮನ್ ನೌಕಾಪಡೆ ತನ್ನ ಹಡಗುಗಳನ್ನು ತಾನೇ ಮುಳುಗಿಸಿದ ಜಾಗ ಅದು. ದೊಡ್ಡ ಹಡಗುಗಳು ಬಿದ್ದಿರುವುದು ಆಳದಲ್ಲಿ, ಅಲ್ಲಿಂದ ಮೇಲೇರುವಾಗ ಹಗ್ಗ ಹಿಡಿದು ಅಲ್ಲಾಡದೆ ಕಾಯಬೇಕಾಗುತ್ತದೆ. ಚಳಿ ಹತ್ತುವುದೇ ಆ ಕಾಯುವಿಕೆಯಲ್ಲಿ. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ವರ್ಷವಿಡೀ 2ರಿಂದ 4 ಡಿಗ್ರಿ. ಡ್ರೈಸೂಟ್ ತರಬೇತಿಯ ಸರ್ಟಿಫಿಕೇಟೋ ಡ್ರೈಸೂಟಿನಲ್ಲಿ ಮಾಡಿದ ಡೈವುಗಳ ದಾಖಲೆಯೋ ಇಲ್ಲದಿದ್ದರೆ ಅಲ್ಲಿ ಡೈವಿಂಗಿಗೆ ಬಿಡುವುದಿಲ್ಲ.

• ಸೂಟು ಬೆಚ್ಚಗಿಡುತ್ತದೆ ಎಂಬ ಭ್ರಮೆ ಬಿಡು. ಮಲೆನಾಡಿನ ಗೊರಬು ಮಳೆ ತಡೆಯುತ್ತದೆ, ಚಳಿಗೆ ಕಂಬಳಿಯೇ ಬೇಕು. ಡ್ರೈಸೂಟೂ ಅಷ್ಟೇ. ಅದರ ಕೆಲಸ ನೀರನ್ನು ಹೊರಗಿಡುವುದು. ಬೆಚ್ಚಗಿಡುವುದು ಒಳಗೆ ಹಾಕುವ ಅಂಡರ್‌ಸೂಟು ಮತ್ತು ಅದರ ನೂಲುಗಳ ನಡುವೆ ನಿಂತ ಗಾಳಿ. ಇಡೀ ದುಡ್ಡನ್ನು ಹೊರಗಿನ ಸೂಟಿಗೆ ಸುರಿದು ಒಳಗೆ ಹಳೆಯ ಟ್ರ್ಯಾಕ್‌ಸೂಟ್ ಹಾಕಿಕೊಂಡು ನಡುಗುವವರನ್ನು ಪ್ರತಿ ಚಳಿಗಾಲದಲ್ಲೂ ನೋಡುತ್ತೇನೆ. ಈ ಪಟ್ಟಿಯಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೋ.

• ಕೊಳ್ಳುವ ಮೊದಲು ಬಾಡಿಗೆಗೆ ತೊಡು. ಕಲ್ಲುಗಣಿಯ ಡೈವಿಂಗ್ ಕೇಂದ್ರಗಳಲ್ಲಿ ಡ್ರೈಸೂಟ್ ಬಾಡಿಗೆಗೆ ಸಿಗುತ್ತದೆ. ಡೈವಿಂಗ್ ತರಬೇತಿ ಸಂಸ್ಥೆ ಪಾಡಿಯ ಡ್ರೈಸೂಟ್ ಕೋರ್ಸಿನಲ್ಲಿ ಈಜುಕೊಳದಲ್ಲೊಂದು ಪಾಠ, ತೆರೆದ ನೀರಿನಲ್ಲಿ ಎರಡು ಡೈವ್. ಬ್ರಿಟನ್ನಿನ ಡೈವಿಂಗ್ ಸಂಘ ಬಿಎಸ್‌ಎಸಿಯ ಕ್ಲಬ್ಬುಗಳಲ್ಲೂ ಕಲಿಸುತ್ತಾರೆ. ಕೋರ್ಸಿಗೆ ಒಂದು ಬಗೆಯ ಸೂಟು ತೊಟ್ಟರೆ ಮುಂದಿನ ಸಲ ಇನ್ನೊಂದು ಬಗೆಯದನ್ನು ಬೇಡು. ಕಂಪನಿಗಳು ಕಲ್ಲುಗಣಿಗಳಲ್ಲಿ ಡೆಮೊ ದಿನಗಳನ್ನೂ ಇಡುತ್ತವೆ. ಹೊಸ ಸೂಟು ತೊಟ್ಟು ನೀರಿಗಿಳಿದು ನೋಡುವ ಅವಕಾಶ ಅಂಗಡಿಯ ಕನ್ನಡಿಯ ಮುಂದೆ ಸಿಗುವುದಿಲ್ಲ.

• ಲೆಕ್ಕ ಹಾಕುವಾಗ ಇಡೀ ಸಂಸಾರದ ಲೆಕ್ಕ ಹಾಕು. ಸೂಟು, ಅಂಡರ್‌ಸೂಟು, ಹುಡ್, ಗ್ಲೌಸು, ಬೂಟು, ದೊಡ್ಡ ಅಳತೆಯ ಫಿನ್, ಸೂಟಿಗೆ ಗಾಳಿ ತರುವ ಇನ್ನೊಂದು ಕೊಳವೆ, ಹೆಚ್ಚಿನ ಸೀಸ. ಕೊಳವೆ ಸಿಕ್ಕಿಸಲು ರೆಗ್ಯುಲೇಟರಿನ ಫಸ್ಟ್ ಸ್ಟೇಜಿನಲ್ಲಿ ಖಾಲಿ ತೂತು ಇದೆಯೇ ನೋಡಿಕೋ. ರೆಗ್ಯುಲೇಟರಿನ ಮೇಲೆ ‘10 ಡಿಗ್ರಿಗಿಂತ ಹೆಚ್ಚು’ ಎಂಬ ಗುರುತಿದ್ದರೆ ಅದು ತಣ್ಣೀರಿಗೆ ಪರೀಕ್ಷೆಯಾದದ್ದಲ್ಲ. ಊರಿನಿಂದ ತಂದದ್ದು ಅಂಥದ್ದಾದರೆ ಸೂಟಿಗಿಂತ ಮೊದಲು ಅದನ್ನು ಬದಲಿಸು. ಒಳಗೆ ಮಂಜುಗಟ್ಟಿ ಗಾಳಿ ಭುಸ್ಸೆಂದು ಸೋರತೊಡಗಿದರೆ ಎಷ್ಟು ಬೆಚ್ಚಗಿದ್ದರೂ ಉಪಯೋಗವಿಲ್ಲ.

ಬಟ್ಟೆ ಆರಿಸುವಾಗ

• ಟ್ರೈಲ್ಯಾಮಿನೇಟ್: ಹಗುರ, ಬೇಗ ಒಣಗುತ್ತದೆ, ಬೆಚ್ಚಗಿಡುವುದಿಲ್ಲ. ಹೊರಗೊಂದು ಒಳಗೊಂದು ನೇಯ್ದ ಬಟ್ಟೆ, ನಡುವೆ ಬ್ಯೂಟೈಲ್ ರಬ್ಬರಿನ ಪದರ. ಎಷ್ಟು ಆಳಕ್ಕೆ ಹೋದರೂ ಬಟ್ಟೆ ಕುಗ್ಗುವುದಿಲ್ಲವಾದ್ದರಿಂದ ತೇಲುವ ಲೆಕ್ಕ ಏರುಪೇರಾಗದು. ಬೇಸಿಗೆಗೆ ತೆಳು, ಚಳಿಗೆ ದಪ್ಪ ಅಂಡರ್‌ಸೂಟು ಹಾಕಿದರೆ ಒಂದೇ ಸೂಟು ವರ್ಷವಿಡೀ ನಡೆಯುತ್ತದೆ. ವಿಮಾನದ ತೂಕಕ್ಕೂ ಹಗುರ. ತೊಂದರೆ ಒಂದೇ: ಬಟ್ಟೆ ಹಿಗ್ಗದ ಕಾರಣ ಸಡಿಲವಾಗಿ ಹೊಲಿಯಬೇಕು, ಸಡಿಲವಾದದ್ದು ನೀರಿನಲ್ಲಿ ಎಳೆಯುತ್ತದೆ.

• ನಿಯೊಪ್ರೀನ್: ಮೈಗಂಟುತ್ತದೆ, ತಾನೇ ಸ್ವಲ್ಪ ಬಿಸಿ ಕೊಡುತ್ತದೆ. ವೆಟ್‌ಸೂಟಿನದೇ ಬಟ್ಟೆ, ಒಳಗೆಲ್ಲ ಗಾಳಿಗುಳ್ಳೆ. ಬೆಲೆ ಸಾಮಾನ್ಯವಾಗಿ ಕಡಿಮೆ, ಈಜಲು ಸಲೀಸು. ನೀರು ನುಗ್ಗಿದರೂ ಒಂದಿಷ್ಟು ಬಿಸಿ ಉಳಿಸುತ್ತದೆ. ಆದರೆ 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ, 30 ಮೀಟರಿನಲ್ಲಿ ನಾಲ್ಕು ಪಟ್ಟು. ಆ ಗುಳ್ಳೆಗಳು ಅಪ್ಪಚ್ಚಿಯಾಗಿ ಬಿಸಿಯೂ ಕಡಿಮೆ, ತೇಲುವ ಗುಣವೂ ಕಡಿಮೆ. ಒಣಗಲು ದಿನಗಟ್ಟಲೆ ಬೇಕು. ನಿನ್ನ ಬಾಡಿಗೆ ಕೋಣೆಯ ಬಚ್ಚಲಲ್ಲಿ ಅದನ್ನು ಎಲ್ಲಿ ನೇತುಹಾಕುತ್ತೀಯ ಎಂದೂ ಯೋಚಿಸು.

• ಹಿಂಡಿದ ನಿಯೊಪ್ರೀನ್: ಗಟ್ಟಿಮುಟ್ಟು, ದುಬಾರಿ. ನಿಯೊಪ್ರೀನನ್ನು ಮೊದಲೇ ಒತ್ತಡದಲ್ಲಿ ಹಿಂಡಿ ತೆಳುವಾಗಿಸಿರುತ್ತಾರೆ. ಆಳದಲ್ಲಿ ಮತ್ತೆ ಅಷ್ಟಾಗಿ ಕುಗ್ಗುವುದಿಲ್ಲ. ಮುಳುಗಿದ ಹಡಗಿನ ಚೂಪು ತಗಡಿಗೆ ಉಜ್ಜಿದರೂ ಬೇಗ ಹರಿಯುವುದಿಲ್ಲ. ವಾರವಾರವೂ ಹಡಗುಗಳ ಒಳಗೆ ನುಗ್ಗುವವರಿಗೆ ಸರಿ.

• ಗಟ್ಟಿ ರಬ್ಬರಿನ ಸೂಟು ನಿನಗೆ ಬೇಡ. ಕೊಳಕು ನೀರಿಗಿಳಿಯುವ ಪೊಲೀಸರು, ಕೆಲಸದ ಮುಳುಗುಗಾರರು ತೊಡುವಂಥದ್ದು. ತೊಳೆಯಲು ಸುಲಭ, ಹವ್ಯಾಸಕ್ಕೆ ಅನಗತ್ಯ.

• ನಿನಗೆ ನನ್ನ ಮತ ಟ್ರೈಲ್ಯಾಮಿನೇಟಿಗೆ. ಬೇಸಿಗೆಯಲ್ಲಿ ಕಾರ್ನ್‌ವಾಲ್, ಚಳಿಯಲ್ಲಿ ಕಲ್ಲುಗಣಿ, ಮುಂದೊಮ್ಮೆ ಐಸ್‌ಲ್ಯಾಂಡ್ ಎಂದು ತಿರುಗುವ ವಯಸ್ಸು ನಿನ್ನದು. ಬೇಸಿಗೆಯಲ್ಲಿ ನಾಲ್ಕು ಬಾರಿ ಆಳವಿಲ್ಲದ ನೀರಿಗಷ್ಟೇ ಇಳಿಯುವವಳಾಗಿದ್ದರೆ ನಿಯೊಪ್ರೀನ್ ಸಾಕು ಎನ್ನುತ್ತಿದ್ದೆ.

ಒಳಗಿನ ಬಟ್ಟೆ

• ಹತ್ತಿ ಬೇಡವೇ ಬೇಡ. ನೀರು ಸೋರದಿದ್ದರೂ ಬೆವರು ಇದ್ದೇ ಇರುತ್ತದೆ. ಸೂಟು ತೊಟ್ಟು ಸಿಲಿಂಡರ್ ಹೊತ್ತು ದಂಡೆಯವರೆಗೆ ನಡೆಯುವಷ್ಟರಲ್ಲಿ ಬೆನ್ನು ಒದ್ದೆಯಾಗುತ್ತದೆ. ಹತ್ತಿ ಆ ಒದ್ದೆಯನ್ನು ಹಿಡಿದು ಮೈಗೇ ಅಂಟಿಸುತ್ತದೆ. ಮೈಗೆ ತಾಗುವ ಪದರ ಮೆರಿನೊ ಉಣ್ಣೆಯದೋ ಬೆವರು ಹೊರಹಾಕುವ ಸಿಂಥೆಟಿಕ್ ಬಟ್ಟೆಯದೋ ಇರಲಿ.

• ಪದರಗಳಾಗಿ ಯೋಚಿಸು. ಒಳಗೆ ತೆಳು ಉಣ್ಣೆ, ಮೇಲೆ ಫ್ಲೀಸಿನದೋ ಥಿನ್ಸುಲೇಟಿನದೋ ಅಂಡರ್‌ಸೂಟು, ಕಡುಚಳಿಗೆ ನಡುವೆ ಒಂದು ತೋಳಿಲ್ಲದ ಜಾಕೀಟು. ಥಿನ್ಸುಲೇಟನ್ನು ಚದರ ಮೀಟರಿಗೆ ಇಷ್ಟು ಗ್ರಾಮ್ ಎಂದು ಅಳೆಯುತ್ತಾರೆ. 200 ಸಾಧಾರಣ ಚಳಿಗೆ, 400 ಕಡುಚಳಿಗೆ. ದಪ್ಪ ಹೆಚ್ಚಿದಷ್ಟೂ ಒಳಗೆ ಗಾಳಿ ಹೆಚ್ಚು, ಮುಳುಗಲು ಸೀಸವೂ ಹೆಚ್ಚು. ಹಾಗಾಗಿ ಬೇಕಾದಷ್ಟೇ ದಪ್ಪ ಸಾಕು.

• ಕೊನೆಯ ಹತ್ತು ನಿಮಿಷಕ್ಕೆ ಬಟ್ಟೆ ತೊಡು. ಇಳಿಯುವಾಗ ಎಲ್ಲರೂ ಬೆಚ್ಚಗೇ ಇರುತ್ತಾರೆ. ಮೇಲೇರುವ ಹೊತ್ತಿಗೆ ಮೈ ತಣ್ಣಗಾದರೆ ಕೈಕಾಲಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ಅಲ್ಲಿ ಕರಗಿ ಕೂತ ನೈಟ್ರೋಜನ್ ಹೊರಬರುವುದು ನಿಧಾನವಾಗುತ್ತದೆ. ಡಿಕಂಪ್ರೆಷನ್ ಕಾಯಿಲೆಯ ಅಪಾಯ ಹೆಚ್ಚುವುದು ಹೀಗೆ. ಬ್ಯಾಟರಿಯಿಂದ ಬಿಸಿಯಾಗುವ ಜಾಕೀಟು ಕೊಂಡರೆ ಇದನ್ನೇ ನೆನಪಿಡು. ಆಳದಲ್ಲಿ ಬಿಸಿ ಮಾಡಿಕೊಂಡು ಮೇಲೇರುವಾಗ ಬ್ಯಾಟರಿ ಮುಗಿದರೆ ಅದು ಉಲ್ಟಾ ಕೆಲಸ.

• ಆರ್ಗಾನ್ ಗೊಡವೆ ನಿನಗೆ ಬೇಡ. ಹೀಲಿಯಂ ಬೆರೆತ ಗಾಳಿ ಉಸಿರಾಡುವವರು ಆ ಗಾಳಿಯನ್ನು ಸೂಟಿಗೆ ತುಂಬುವುದಿಲ್ಲ, ಹೀಲಿಯಂ ಬಿಸಿಯನ್ನು ಬಹುಬೇಗ ಸಾಗಿಸುತ್ತದೆ. ಅದಕ್ಕೇ ಅವರಿಗೆ ಸೂಟಿಗೆಂದು ಆರ್ಗಾನ್ ತುಂಬಿದ ಬೇರೆ ಸಣ್ಣ ಸಿಲಿಂಡರ್ ಬೇಕು. ನಿನ್ನ ಸಿಲಿಂಡರಿನ ಗಾಳಿಯೇ ನಿನ್ನ ಸೂಟಿಗೂ ಸಾಕು.

ಹಾಕಿ ನೋಡುವಾಗ

• ಅಂಡರ್‌ಸೂಟು ತೊಟ್ಟುಕೊಂಡೇ ಹಾಕಿ ನೋಡು. ಅದೂ ನಿನ್ನಲ್ಲಿರುವ ಅತಿ ದಪ್ಪದ್ದು. ಟೀ ಶರ್ಟಿನ ಮೇಲೆ ಹಾಕಿ ‘ಸರಿಯಾಗಿದೆ’ ಎಂದು ತಂದದ್ದು ಜನವರಿಯಲ್ಲಿ ಮೊಣಕಾಲು ಮಡಚಲೂ ಬಿಡುವುದಿಲ್ಲ.

• ಅಂಗಡಿಯಲ್ಲೇ ಕಸರತ್ತು ಮಾಡು, ನಾಚಿಕೆ ಬೇಡ. ಕುಕ್ಕರುಗಾಲಿನಲ್ಲಿ ಕೂತೇಳು. ಮೆಟ್ಟಿಲ ಮೇಲೆ ಕಾಲೆತ್ತಿಡು. ಎರಡೂ ತೋಳು ಎದೆಗೆ ಅಡ್ಡ ಕಟ್ಟಿಕೋ. ಕೈ ತಲೆಯ ಹಿಂದೆ ಹಾಕಿ ಸಿಲಿಂಡರಿನ ವಾಲ್ವ್ ಇರುವ ಜಾಗ ಮುಟ್ಟು. ಬಗ್ಗಿ ಫಿನ್ ಪಟ್ಟಿ ಹಿಡಿ. ಇದರಲ್ಲಿ ಯಾವುದಕ್ಕಾದರೂ ಭುಜವೋ ತೊಡೆಸಂದೋ ಬಿಗಿದರೆ ಆ ಸೂಟು ನಿನ್ನದಲ್ಲ. ವಾಲ್ವ್ ಮುಟ್ಟುವ ಪರೀಕ್ಷೆಯಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡ.

• ದೊಡ್ಡದು ಒಳ್ಳೆಯದಲ್ಲ. ಸಡಿಲ ಜಾಗದಲ್ಲೆಲ್ಲ ಗಾಳಿ ಓಡಾಡುತ್ತದೆ. ಕಾಲು ಮೇಲಾದರೆ ಗಾಳಿ ಪಾದಕ್ಕೆ ಹೋಗಿ ತಲೆಕೆಳಗಾಗಿ ಮೇಲಕ್ಕೆ ಎಳೆದೊಯ್ಯುತ್ತದೆ, ತೋಳಿನ ವಾಲ್ವಿನಿಂದ ಬಿಡೋಣವೆಂದರೆ ಗಾಳಿ ಅಲ್ಲಿರುವುದೇ ಇಲ್ಲ. ಮೊಣಕಾಲ ಕೆಳಗೆ, ಪಾದದ ಸುತ್ತ ಬಟ್ಟೆ ಜೋತುಬಿದ್ದಿದೆಯೇ ಎಂದು ಮುಖ್ಯವಾಗಿ ನೋಡು.

• ನಮ್ಮ ಮೈಕಟ್ಟಿಗೆ ಅಳತೆ ಕೊಟ್ಟು ಹೊಲಿಸುವುದೇ ಲೇಸು. ಸಿದ್ಧ ಸೂಟುಗಳ ಅಳತೆ ಯುರೋಪಿನವರ ಎತ್ತರಕ್ಕೆ ಇಟ್ಟದ್ದು. ಐದು ಅಡಿಯ ನಿನಗೆ ಸೊಂಟ ಸರಿಹೋದರೆ ಕಾಲು ಉದ್ದ, ಕಾಲು ಸರಿಹೋದರೆ ಎದೆ ಬಿಗಿ. ಅಳತೆಯ ಸೂಟಿಗೆ ದುಡ್ಡು ಹೆಚ್ಚು, ವಾರಗಟ್ಟಲೆ ಕಾಯಬೇಕು. ಆದರೂ ಟಾರ್ಚಿನ ಜೇಬು, ಮೊಣಕಾಲ ತೇಪೆ, ಬಣ್ಣದ ಪಟ್ಟಿಗೆ ಕೊಡುವ ದುಡ್ಡನ್ನು ಉಳಿಸಿ ಅಳತೆಗೆ ಹಾಕು. ಅಳತೆಯನ್ನು ತಿಳಿದವರ ಕೈಯಲ್ಲೇ ತೆಗೆಸು.

• ಪಾದಕ್ಕೆ ಎರಡು ದಾರಿ. ಸೂಟಿಗೇ ಅಂಟಿದ ಬೂಟು, ಇಲ್ಲವೆ ಮೃದುವಾದ ಕಾಲುಚೀಲದ ಮೇಲೆ ಬೇರೆ ಬೂಟು. ಎರಡನೆಯದು ಪಾದಕ್ಕೆ ಸರಿಯಾಗಿ ಕೂರುತ್ತದೆ, ಒಳಗೆ ಗಾಳಿ ಸೇರುವುದು ಕಡಿಮೆ. ಯಾವುದಾದರೂ ಸರಿ, ಊರಿನ ಫಿನ್ ಅದಕ್ಕೆ ಹಿಡಿಸುವುದಿಲ್ಲ.

ಸೀಲು, ಜಿಪ್ಪು, ವಾಲ್ವ್

• ಕುತ್ತಿಗೆ, ಮಣಿಕಟ್ಟಿನಲ್ಲಿ ನೀರು ತಡೆಯುವ ಸೀಲು ಮೂರು ಬಗೆ. ಲೇಟೆಕ್ಸ್ ತೆಳು, ಹಿಗ್ಗುತ್ತದೆ, ಚೆನ್ನಾಗಿ ಹಿಡಿಯುತ್ತದೆ. ಬಿಸಿಲಿಗೆ, ಎಣ್ಣೆಗೆ ಕೆಡುತ್ತದೆ, ಕೆಲವರಿಗೆ ಅಲರ್ಜಿ. ಸಿಲಿಕೋನ್ ಇನ್ನೂ ಮೃದು, ಆದರೆ ಬೇಗ ಹರಿಯುತ್ತದೆ. ಅದಕ್ಕೆ ಗೋಂದು ಹಿಡಿಯದ ಕಾರಣ ಪ್ಲಾಸ್ಟಿಕ್ ಬಳೆಯೊಳಗೆ ಸಿಕ್ಕಿಸಿರುತ್ತಾರೆ, ಹರಿದರೆ ದಂಡೆಯಲ್ಲೇ ಬದಲಿಸಬಹುದು. ನಿಯೊಪ್ರೀನ್ ಬೆಚ್ಚಗೆ, ಬಾಳಿಕೆ ಹೆಚ್ಚು, ತೊಡುವುದು ತುಸು ಕಷ್ಟ. ನಿನ್ನ ಸೂಟಿನಲ್ಲಿ ಕೈಗೂ ಕುತ್ತಿಗೆಗೂ ಬದಲಿಸಬಹುದಾದ ಬಳೆಯ ಏರ್ಪಾಡು ಇರಲಿ.

• ಕುತ್ತಿಗೆಯ ಸೀಲು ಬಿಗಿಯಾದರೆ ತಡೆದುಕೊಳ್ಳಬೇಡ. ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳದ ಮೇಲೆ ಒತ್ತಡ ಬಿದ್ದರೆ ಎದೆಬಡಿತ ನಿಧಾನವಾಗಿ ತಲೆ ತಿರುಗುತ್ತದೆ, ಎಚ್ಚರ ತಪ್ಪಲೂಬಹುದು. ಹೊಸ ಲೇಟೆಕ್ಸ್ ಸೀಲಿನಲ್ಲಿ ವರ್ತುಲದ ಗೆರೆಗಳಿರುತ್ತವೆ, ಒಂದೊಂದೇ ಗೆರೆಯಂತೆ ಕತ್ತರಿಸಿ ಸಡಿಲಿಸಬೇಕು. ಚೂಪು ಕತ್ತರಿ, ಒಂದೇ ಎಳೆತ. ಅಂಚಿನಲ್ಲಿ ಸಣ್ಣ ಕಚ್ಚು ಉಳಿದರೂ ಅಲ್ಲಿಂದಲೇ ಹರಿಯುತ್ತದೆ.

• ಮಣಿಕಟ್ಟಿನ ತಂತ್ರ ಕಲಿ. ನಮ್ಮಂಥ ಸಣಕಲು ಮಣಿಕಟ್ಟಿನವರು ಮುಷ್ಟಿ ಬಿಗಿದರೆ ಒಳಬದಿಯಲ್ಲಿ ಎರಡು ಸ್ನಾಯುರಜ್ಜು ಎದ್ದು ನಡುವೆ ಕಾಲುವೆಯಾಗುತ್ತದೆ. ನೀರು ಆ ಕಾಲುವೆಯಲ್ಲೇ ಮೊಣಕೈವರೆಗೆ ಹರಿಯುತ್ತದೆ. ಸೀಲನ್ನು ಎರಡು ಬೆರಳಷ್ಟು ಮೇಲೆ, ತೋಳು ದುಂಡಗಾಗುವ ಜಾಗಕ್ಕೆ ಎಳೆದುಕೋ. ಅದಕ್ಕೂ ಬಗ್ಗದಿದ್ದರೆ ಒಣ ಗ್ಲೌಸಿನ ಬಳೆ ಹಾಕಿಸು, ಬೆರಳೂ ಬೆಚ್ಚಗಿರುತ್ತದೆ.

• ಜಿಪ್ಪು ಸೂಟಿನ ಜೀವ. ಹಿತ್ತಾಳೆಯದು ಗಟ್ಟಿ, ಆದರೆ ಮಡಚಿದರೆ ಹಲ್ಲು ಮುರಿಯುತ್ತದೆ. ಪ್ಲಾಸ್ಟಿಕ್ಕಿನದು ಹಗುರ, ಬಳುಕುತ್ತದೆ, ತುದಿಗೆ ಅದರದೇ ಗ್ರೀಸು ಬೇಕು. ಬೆನ್ನಿನ ಜಿಪ್ಪಾದರೆ ಪ್ರತಿ ಸಲವೂ ಇನ್ನೊಬ್ಬರು ಎಳೆಯಬೇಕು. ಎದೆಗೆ ಓರೆಯಾಗಿ ಬರುವ ಜಿಪ್ಪಾದರೆ ನೀನೇ ಹಾಕಿಕೊಳ್ಳಬಹುದು, ನಿನಗೆ ಅದೇ ಇರಲಿ. ನೀರಿಗಿಳಿಯುವ ಮೊದಲು ಜಿಪ್ಪಿನ ಕೊನೆಯ ಎರಡು ಸೆಂಟಿಮೀಟರನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೋ. ಸೂಟು ತುಂಬ ನೀರು ತುಂಬಿಸಿಕೊಂಡವರಲ್ಲಿ ಹೆಚ್ಚಿನವರು ಸೋತಿರುವುದು ಅಲ್ಲೇ. ಜಿಪ್ಪು ಬದಲಿಸಲು ನೂರಾರು ಪೌಂಡ್ ಬೇಕು.

• ವಾಲ್ವ್ ಎರಡು, ಎರಡನ್ನೂ ಗ್ಲೌಸು ಹಾಕಿ ಒತ್ತಿ ನೋಡು. ಎದೆಯ ಮೇಲಿನದು ಗಾಳಿ ತುಂಬಲು, ಎಡತೋಳಿನದು ಬಿಡಲು. ಸ್ವೀಡನ್ನಿನ ಸೈಟೆಕ್, ಇಂಗ್ಲೆಂಡಿನ ಏಪೆಕ್ಸ್ ಕಂಪನಿಗಳ ವಾಲ್ವುಗಳಿಗೆ ಬಿಡಿಭಾಗ ಸುಲಭವಾಗಿ ಸಿಗುತ್ತವೆ. ತೋಳಿನ ವಾಲ್ವ್ ತೀರಾ ಮೇಲೆಯೋ ತೀರಾ ಹಿಂದೆಯೋ ಕೂತಿರಬಾರದು. ಮೊಣಕೈ ಎತ್ತಿದಾಗ ಅದೇ ಎಲ್ಲಕ್ಕಿಂತ ಮೇಲಿರಬೇಕು.

ನಮ್ಮ ಹೆಣ್ಣುಮಕ್ಕಳಿಗೆ ಎಂದೇ

• ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬರಬೇಡ. ಎಣ್ಣೆ ಲೇಟೆಕ್ಸನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ. ಎಣ್ಣೆಜಿಡ್ಡಿನ ತಲೆ ಕುತ್ತಿಗೆಯ ಸೀಲಿನಲ್ಲಿ ತೂರಿದಾಗಲೆಲ್ಲ ಅದರ ಆಯುಸ್ಸು ಕಡಿಮೆಯಾಗುತ್ತದೆ. ಸನ್‌ಸ್ಕ್ರೀನಿಗೂ ಇದೇ ಮಾತು. ಸೀಲು ಜಾರಲು ಪೌಡರ್ ಹಾಕುವುದಾದರೆ ಸುವಾಸನೆ ಇಲ್ಲದ್ದನ್ನೇ ಹಾಕು.

• ಜಡೆ ಮೇಲಕ್ಕೆ ಕಟ್ಟು. ಸೀಲಿನ ಕೆಳಗೆ ಒಂದೇ ಕೂದಲೆಳೆ ಸಿಕ್ಕಿದ್ದರೂ ಅದರ ಗುಂಟ ನೀರು ಇಳಿಯುತ್ತದೆ. ಹುಡ್ ಹಾಕುವ ಮೊದಲು ಜೊತೆಗಾರರಿಗೆ ಹಿಂಗುತ್ತಿಗೆ ನೋಡಲು ಹೇಳು. ಬಳೆ, ಉಂಗುರ, ಝುಮುಕಿ ಎಲ್ಲ ತೆಗೆದಿಡು. ಹುಡ್ ಒಳಗೆ ಸಿಕ್ಕ ಓಲೆ ಕಿವಿಗೂ ಒಳ್ಳೆಯದಲ್ಲ, ಸೀಲಿಗೂ.

• ಮೂತ್ರದ ವಿಷಯಕ್ಕೆ ನೀರು ಕುಡಿಯುವುದನ್ನು ಬಿಡಬೇಡ. ತಣ್ಣೀರಿನಲ್ಲಿ ಮೂತ್ರ ಹೆಚ್ಚು ಬರುತ್ತದೆ. ಅದಕ್ಕೆ ಹೆದರಿ ಬಾಯಾರಿಕೊಂಡು ಇಳಿದರೆ ಡಿಕಂಪ್ರೆಷನ್ ಅಪಾಯಕ್ಕೆ ದಾರಿ. ದೀರ್ಘ ಡೈವ್ ಮಾಡುವವರು ಸೂಟಿಗೆ ಮೂತ್ರದ ವಾಲ್ವ್ ಹಾಕಿಸುತ್ತಾರೆ, ಹೆಂಗಸರಿಗೂ ಅಂಥದ್ದು ಇದೆ. ನಿನಗೆ ಸದ್ಯಕ್ಕೆ ದೊಡ್ಡವರ ಡೈಪರ್ ಸಾಕು. ಎಲ್ಲರೂ ಹಾಕುತ್ತಾರೆ, ಯಾರೂ ಹೇಳುವುದಿಲ್ಲ.

ಹಳೆಯದನ್ನು ಕೊಳ್ಳುವುದಾದರೆ

• ಸೀಲು ಎಳೆದು ನೋಡು. ಅಂಟಂಟಾಗಿದ್ದರೆ, ಸಣ್ಣ ಬಿರುಕಿದ್ದರೆ ಹೊಸ ಸೀಲಿನ ಬೆಲೆ ಕಳೆದು ಚೌಕಾಸಿ ಮಾಡು.

• ಜಿಪ್ಪಿನ ಹಲ್ಲು ಒಂದೇ ಒಂದು ಸೊಟ್ಟಗಿದ್ದರೂ, ಅಂಚಿನ ಬಟ್ಟೆ ಸವೆದಿದ್ದರೂ ಕೈಮುಗಿದು ಬಾ.

• ಕುತ್ತಿಗೆ, ಕೈಗಳಿಗೆ ಡಬ್ಬಿಯೋ ಬಾಟಲಿಯೋ ತೂರಿಸಿ ಮುಚ್ಚಿ, ಗಾಳಿ ತುಂಬಿಸಿ, ಮೇಲೆಲ್ಲ ಸಾಬೂನು ನೀರು ಸವರಿಸು. ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಹೊಲಿಗೆಯ ಮೇಲೆ ಒಂದೆರಡು ಗುಳ್ಳೆಗೆ ತೇಪೆ ಸಾಕು. ಹೊಲಿಗೆಯುದ್ದಕ್ಕೂ ನೊರೆ ಬಂದರೆ ಅದರ ಕಾಲ ಮುಗಿದಿದೆ.

• ಬೇರೆಯವರ ಅಳತೆಗೆ ಹೊಲಿದ ಸೂಟು ಎಷ್ಟು ಅಗ್ಗವಾದರೂ ಬೇಡ.

ಕೊಂಡ ಮೇಲೆ

• ಮೊದಲ ಕೆಲವು ಡೈವ್ ಆರು ಮೀಟರಿನಲ್ಲೇ. ಸ್ಟೋನಿ ಕೋವಿನ ಮೊದಲ ಹಂತ ಅಷ್ಟೇ ಆಳದ್ದು, ಅಭ್ಯಾಸಕ್ಕೆ ಹೇಳಿ ಮಾಡಿಸಿದ ಜಾಗ. ಸೀಸದ ಲೆಕ್ಕ ಅಲ್ಲೇ ಹೊಂದಿಸಿಕೋ. ತೆಳು ಸೂಟಿನಲ್ಲಿ ನಾಲ್ಕು ಕಿಲೋ ಸಾಕಾಗಿದ್ದಲ್ಲಿ ಇಲ್ಲಿ ಹತ್ತು, ಹನ್ನೆರಡು ಬೇಕಾದೀತು. ಸಿಲಿಂಡರ್ ಬಹುತೇಕ ಖಾಲಿಯಾದಾಗಲೂ ಮೂರು ಮೀಟರಿನಲ್ಲಿ ನಿಲ್ಲಲಾದರೆ ಲೆಕ್ಕ ಸರಿ.

• ಸೂಟಿಗೆ ಹಿಂಡುವಿಕೆ ತಪ್ಪುವಷ್ಟು ಮಾತ್ರ ಗಾಳಿ. ಇಳಿಯುತ್ತಾ ಹೋದಂತೆ ಬಟ್ಟೆ ಮೈಯನ್ನು ಚಿವುಟಿದಂತಾಗುತ್ತದೆ, ಆಗ ಒಂದೊಂದೇ ಸಣ್ಣ ಒತ್ತು. ಈ ವಿಷಯದಲ್ಲಿ ಎರಡು ಮತ ಇದೆ. ತೇಲುವುದಕ್ಕೂ ಸೂಟಿನ ಗಾಳಿಯನ್ನೇ ಬಳಸು ಎನ್ನುವ ಗುರುಗಳಿದ್ದಾರೆ. ನಾನು ತೇಲಲು ಗಾಳಿ ತುಂಬುವ ಬಿಸಿಡಿ ಜಾಕೀಟು, ಒಣಗಿರಲು ಸೂಟು ಎನ್ನುವ ಪಂಗಡದವಳು.

• ಕಾಲು ಮೇಲಾದರೆ ಏನು ಮಾಡಬೇಕೆಂಬುದು ಮೈಗೆ ರೂಢಿಯಾಗಲಿ. ಮೊಣಕಾಲನ್ನು ಎದೆಗೆ ಎಳೆದು, ಮುಂದಕ್ಕೆ ಉರುಳಿ, ತಲೆ ಮೇಲೆ ಮಾಡಿಕೊಂಡು ತೋಳಿನಿಂದ ಗಾಳಿ ಬಿಡು. ತುಂಬುವ ವಾಲ್ವ್ ಸಿಕ್ಕಿಹಾಕಿಕೊಂಡರೆ ಅದರ ಕೊಳವೆ ಕಳಚುವುದನ್ನೂ ಗ್ಲೌಸು ಹಾಕಿಕೊಂಡೇ ಅಭ್ಯಾಸ ಮಾಡು.

• ತೊಳೆ, ಒಣಗಿಸು, ಸುತ್ತಿಡು. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸು. ಹಿತ್ತಾಳೆ ಜಿಪ್ಪಿಗೆ ಹೊರಗಿನಿಂದ ಮೇಣ ಸವರಿ, ತೆರೆದಿಟ್ಟು, ಮಡಚದೆ ಸುತ್ತಿಡು. ರೇಡಿಯೇಟರ್ ಮೇಲೆ ಎಂದೂ ಹಾಕಬೇಡ.

ಇಷ್ಟೆಲ್ಲ ಓದಿ ಕೈಯಲ್ಲಿರುವ ದುಡ್ಡು ಎಲ್ಲಕ್ಕೂ ಸಾಲದು ಎನ್ನಿಸಿದರೆ ಕ್ರಮ ಇದು: ಮೊದಲು ತರಬೇತಿ, ಆಮೇಲೆ ಒಳ್ಳೆಯ ಅಂಡರ್‌ಸೂಟು, ಹುಡ್, ಗ್ಲೌಸು. ಸೂಟನ್ನು ಈ ಚಳಿಗಾಲಕ್ಕೆ ಬಾಡಿಗೆಗೆ ತಂದುಕೋ. ಬಾಡಿಗೆ ಸೂಟಿನೊಳಗೂ ನಿನ್ನದೇ ಅಂಡರ್‌ಸೂಟು ನಡೆಯುತ್ತದೆ. ಮಾರ್ಚ್ ಹೊತ್ತಿಗೆ ಯಾವ ಜಿಪ್ಪು ಇಷ್ಟ, ಯಾವ ಸೀಲು ಕಷ್ಟ ಎಂದು ನಿನಗೇ ಗೊತ್ತಾಗಿರುತ್ತದೆ. ಆಗ ಅಳತೆ ಕೊಡಲು ಹೋಗೋಣ, ನಾನೂ ಬರುತ್ತೇನೆ.

ನಿನ್ನ
ಸೋದರತ್ತೆ